ಬಚ್ಚಲುಮನೆ: ಒಂದು ಪುಟ್ಟ ಕೋಣೆಯ ಚರಿತ್ರೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಅರಿಯದವರಿಲ್ಲ. ಮನೆ ಕಟ್ಟಿಸುವವರು ನಡುಮನೆಯ ವಿಚಾರವನ್ನು ಹತ್ತು ಜನರೊಡನೆ ಚರ್ಚಿಸುವರು. ದೇವರ ಮನೆಯ ದಿಕ್ಕನ್ನು ಬಲ್ಲವರಲ್ಲಿ ಕೇಳಿ ತಿಳಿಯುವರು. ಅಡಿಗೆಮನೆಯ ಅಟ್ಟಣೆಗಳನ್ನು ಮನೆಯ ಹೆಂಗಸರು ಹೇಳಿ ಮಾಡಿಸುವರು. ಎಲ್ಲ ಮುಗಿದ ಮೇಲೆ, ನಕ್ಷೆಯ ಮೂಲೆಯಲ್ಲಿ ಮಿಕ್ಕ ನಾಲ್ಕಡಿ ಅಗಲ, ಏಳಡಿ ಉದ್ದದ ಜಾಗಕ್ಕೆ ‘ಬಚ್ಚಲು’ ಎಂದು ಬರೆದು ಕೈ ತೊಳೆದುಕೊಳ್ಳುವುದುಂಟು. ಹೀಗೆ ಕಡೆಗಣಿಸಲ್ಪಟ್ಟ ಈ ಕೋಣೆಗೆ ನಾಲ್ಕು ಸಾವಿರ ವರ್ಷಗಳಿಗೂ ಮೀರಿದ ಚರಿತ್ರೆಯಿದೆ. ನಗರಗಳು ಬೆಳೆದ ಬಗೆ, ರೋಗಗಳು ಹರಡಿದ ಬಗೆ, ಮನುಷ್ಯನು ಮನುಷ್ಯನನ್ನು ನಡೆಸಿಕೊಂಡ ಬಗೆ ಎಲ್ಲವೂ ಈ ಕಿರುಗೋಣೆಯ ಗೋಡೆಗಳ ಮೇಲೆ ಬರೆದಿವೆ.

ಮೊದಲು ಮಾತಿನಿಂದಲೇ ಆರಂಭಿಸೋಣ. ಕನ್ನಡದಲ್ಲಿ ಬಚ್ಚಲು ಎಂದರೆ ಸ್ನಾನದ ಜಾಗ. ಕೊಳೆನೀರು ಹರಿದುಹೋಗುವ ಜಾಗವೂ ಹೌದು. ‘ಬಚ್ಚಲಗುಂಡಿ’, ‘ಬಚ್ಚಲ ನೀರು’ ಎಂಬ ಮಾತುಗಳನ್ನು ನೆನೆಯಿರಿ. ಕೆಟ್ಟ ಮಾತನಾಡುವವನನ್ನು ‘ಬಚ್ಚಲುಬಾಯಿಯವನು’ ಎಂದು ಬಯ್ಯುವಾಗ ನಮ್ಮ ಮನಸ್ಸಿನಲ್ಲಿರುವುದು ಮೀಯುವ ಸುಖವಲ್ಲ, ಹೊರಗೆ ಹರಿಯುವ ಹೊಲಸು. ಮೈ ಶುದ್ಧವಾಗುವ ಎಡೆಗೂ ಮೈಯ ಕೊಳೆ ಹೋಗುವ ಎಡೆಗೂ ನಮ್ಮ ಭಾಷೆ ಒಂದೇ ಹೆಸರನ್ನು ಇಟ್ಟುಕೊಂಡಿದೆ. ಬಚ್ಚಲಿಗೆ ನೀರು ಬರುವುದು ಎಷ್ಟು ಮುಖ್ಯವೋ ಹೋಗುವುದೂ ಅಷ್ಟೇ ಮುಖ್ಯ ಎಂಬ ತಿಳಿವು ಈ ಒಂದು ಪದದಲ್ಲಿಯೇ ಅಡಗಿದೆ.

ಈ ತಿಳಿವು ಸಿಂಧೂ ಕಣಿವೆಯ ನಾಗರಿಕರಿಗೆ ಚೆನ್ನಾಗಿ ಇತ್ತು. 1920ರ ದಶಕದಲ್ಲಿ ಮೊಹೆಂಜೊದಾರೊ ನಗರವನ್ನು ಅಗೆದು ತೆಗೆದಾಗ ಸುಮಾರು 12 ಮೀಟರು ಉದ್ದ, 7 ಮೀಟರು ಅಗಲದ ದೊಡ್ಡ ಸ್ನಾನದ ಕೊಳವೊಂದು ಕಾಣಿಸಿತು. ಅದರ ಚಿತ್ರ ಶಾಲೆಯ ಪುಸ್ತಕಗಳಲ್ಲಿ ಎಲ್ಲರಿಗೂ ಪರಿಚಿತ. ನಮ್ಮ ವಿಷಯಕ್ಕೆ ಅದಕ್ಕಿಂತ ಮುಖ್ಯವಾದುದು ಸಾಧಾರಣ ಮನೆಗಳಲ್ಲಿ ದೊರೆತ ಸಣ್ಣ ಬಚ್ಚಲುಗಳು. ಸುಟ್ಟ ಇಟ್ಟಿಗೆಗಳನ್ನು ಸಂದಿಲ್ಲದಂತೆ ಜೋಡಿಸಿ, ನೆಲವನ್ನು ಒಂದು ಮೂಲೆಗೆ ಇಳಿಜಾರಾಗಿ ಮಾಡಿ, ಆ ಮೂಲೆಯಿಂದ ನೀರು ಗೋಡೆಯನ್ನು ದಾಟಿ ಬೀದಿಯ ಮುಚ್ಚುಚರಂಡಿಗೆ ಸೇರುವಂತೆ ಕಟ್ಟಿದ್ದರು. ಬಚ್ಚಲು ಸಾಮಾನ್ಯವಾಗಿ ಬೀದಿಯ ಗೋಡೆಯ ಪಕ್ಕದಲ್ಲಿಯೇ ಇರುತ್ತಿತ್ತು. ನೀರು ಹೊರಗೆ ಹೋಗುವ ದಾರಿ ಗಿಡ್ಡದಾಗಿರಬೇಕು ಎಂಬುದೇ ಇದಕ್ಕೆ ಕಾರಣ. ಮೇಲಂತಸ್ತಿನ ನೀರು ಇಳಿಯಲು ಗೋಡೆಯಲ್ಲಿ ಸುಟ್ಟ ಮಣ್ಣಿನ ಕೊಳವೆಗಳನ್ನು ಕೂಡ ಇರಿಸಿದ್ದರು. ಎಂದರೆ, ಅವರು ಮೊದಲು ಚರಂಡಿಯನ್ನು ಯೋಚಿಸಿ ಅನಂತರ ಕೋಣೆಯನ್ನು ಯೋಚಿಸಿದರು. ಸಣ್ಣ ಬಚ್ಚಲುಮನೆಯ ವಿನ್ಯಾಸಕ್ಕೆ ಇದೇ ಮೊದಲನೆಯ ಸೂತ್ರ.

ಕನ್ನಡ ನಾಡಿನ ಅರಸರ ಸ್ನಾನದ ವೈಭವವನ್ನು ತಿಳಿಯಬೇಕಾದರೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವನ್ನು ನೋಡಬೇಕು. ಅರಸನು ಅನುಭವಿಸತಕ್ಕ ಭೋಗಗಳನ್ನು ಎಣಿಸುವಾಗ ಗೃಹಭೋಗದ ಬಳಿಕ ಸ್ನಾನಭೋಗಕ್ಕೆ ಅವನು ಸ್ಥಾನ ಕೊಟ್ಟಿದ್ದಾನೆ. ಹಂಪೆಯಲ್ಲಿ ‘ರಾಣಿಯರ ಸ್ನಾನಗೃಹ’ವೆಂದು ಜನ ಕರೆಯುವ ಕಟ್ಟಡವನ್ನೂ, ಅರಮನೆಯ ಆವರಣದಲ್ಲಿ ಕೊಳಗಳಿಗೆ ನೀರು ತರುತ್ತಿದ್ದ ಕಲ್ಲಿನ ಕಾಲುವೆಗಳನ್ನೂ ನೋಡಿದವರಿಗೆ ವಿಜಯನಗರದವರ ಜಲಕೌಶಲ ಮನದಟ್ಟಾಗುತ್ತದೆ. ಆದರೆ ಇವು ಅರಸುಮನೆತನದ ಮಾತಾದವು. ಒಕ್ಕಲಿಗನೂ ವರ್ತಕನೂ ಉಪಾಧ್ಯಾಯನೂ ಮೀಯುತ್ತಿದ್ದ ಬಚ್ಚಲಿನ ಕಥೆ ಬೇರೆಯದು.

ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಬಚ್ಚಲು ಅಡಿಗೆಮನೆಯ ಆಚೆಗೆ, ಹಿತ್ತಿಲಿನ ಕಡೆಗೆ ಇರುತ್ತಿತ್ತು. ಕರಾವಳಿ ಮಲೆನಾಡುಗಳಲ್ಲಿ ಮನೆಯಿಂದ ತುಸು ಬೇರೆಯಾದ ಬಚ್ಚಲುಕೊಟ್ಟಿಗೆಯನ್ನು ಕಟ್ಟುವುದೂ ಉಂಟು. ಬಾವಿ ಹತ್ತಿರವಿದ್ದರೆ ನೀರು ಹೊರುವ ಶ್ರಮ ಕಡಿಮೆ. ಒಂದು ಮೂಲೆಯಲ್ಲಿ ಒಲೆ. ಅದರ ಮೇಲೆ ಗಾರೆಯಲ್ಲಿ ಹೂತ ತಾಮ್ರದ ಹಂಡೆ. ಪಕ್ಕದಲ್ಲಿ ತಣ್ಣೀರಿನ ತೊಟ್ಟಿ. ನಡುವೆ ಕುಳಿತು ಮೀಯಲು ಒಂದು ಚಪ್ಪಡಿ ಕಲ್ಲು. ಅದರ ಕೆಳಗಿನಿಂದ ಹೊರಟ ನೀರು ಗೋಡೆಯ ತೂಬಿನ ಮೂಲಕ ಹಿತ್ತಿಲಿನ ಬಾಳೆಗೂ ಕೆಸುವಿಗೂ ಹರಿಯುತ್ತಿತ್ತು. ಒಲೆಗೆ ತೆಂಗಿನ ಗರಿ, ಮಟ್ಟೆ, ಅಡಿಕೆಯ ಸಿಪ್ಪೆ ಇಂಥವೇ ಸೌದೆ. ಹೊಗೆ ಹೋಗಲು ಮೇಲೆ ಗವಾಕ್ಷಿ ಇರಲೇಬೇಕು. ಬೆಂಕಿ, ತಣ್ಣೀರು, ಕಲ್ಲು, ತೂಬು, ಗವಾಕ್ಷಿ ಈ ಐದಕ್ಕೂ ಒಂದೊಂದು ಗೊತ್ತಾದ ನೆಲೆಯಿತ್ತು. ಯಾವ ಎಂಜಿನಿಯರನೂ ನಕ್ಷೆ ಬರೆಯದಿದ್ದರೂ, ಹಂಡೆಯಿಂದ ಬಿಸಿನೀರನ್ನೂ ತೊಟ್ಟಿಯಿಂದ ತಣ್ಣೀರನ್ನೂ ಕುಳಿತಲ್ಲಿಂದಲೇ ಚೊಂಬಿನಲ್ಲಿ ತೋಡಿಕೊಳ್ಳುವಂತೆ ಅಳತೆ ಕೂಡಿಬರುತ್ತಿತ್ತು.

ಈ ಬಚ್ಚಲು ಒಬ್ಬರೇ ಮೀಯುವ ಜಾಗವಾಗಿರಲಿಲ್ಲ ಎಂಬುದನ್ನೂ ಗಮನಿಸಬೇಕು. ಹೊಳೆಯಲ್ಲಿ ‘ಮೀಯುವುದು’ ಬೇರೆ. ಬಚ್ಚಲಿನಲ್ಲಿ ‘ಎರೆದುಕೊಳ್ಳುವುದು’ ಬೇರೆ. ‘ನೀರೆರೆಯುವುದು’ ಎಂಬ ಮಾತಿನಲ್ಲಿಯೇ ಎರೆಯುವ ಇನ್ನೊಂದು ಕೈ ಇದೆ. ಬಾಣಂತಿಗೆ ನೀರು ಹಾಕುವ ಅಜ್ಜಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುವ ಸೋದರತ್ತೆ, ದೀಪಾವಳಿಯ ನಸುಕಿನಲ್ಲಿ ಸಾಲಾಗಿ ಕೂಡಿಸಿ ಎಣ್ಣೆ ಒತ್ತುವ ತಾಯಿ, ಇವರೆಲ್ಲರಿಗೂ ಆ ಕೋಣೆಯಲ್ಲಿ ಎಡೆ ಬೇಕು. ನೀರು ತುಂಬುವ ಹಬ್ಬದಂದು ಹಂಡೆಯನ್ನು ತಿಕ್ಕಿ ತೊಳೆದು, ಸುಣ್ಣ ಕೆಮ್ಮಣ್ಣುಗಳಿಂದ ಬರೆದು, ಹಿಂಡ್ಲೆಯ ಬಳ್ಳಿ ಸುತ್ತಿ ಪೂಜಿಸುವ ವಾಡಿಕೆ ಇರುವ ಜನಕ್ಕೆ ಬಚ್ಚಲು ಬರಿಯ ಹೊಲಸಿನ ಮೂಲೆ ಹೇಗಾದೀತು?

ಆದರೆ ಈ ಚಿತ್ರಕ್ಕೆ ಇನ್ನೊಂದು ಮಗ್ಗುಲಿದೆ. ಅದನ್ನು ಮರೆಮಾಚಿದರೆ ಚರಿತ್ರೆ ಬರೆದಂತಾಗದು. ಹಳೆಯ ಬಚ್ಚಲಿನಲ್ಲಿ ಶೌಚಕ್ಕೆ ಎಡೆಯಿರಲಿಲ್ಲ. ಹಳ್ಳಿಯಲ್ಲಿ ಅದಕ್ಕೆ ಬಯಲೇ ಗತಿ. ಪಟ್ಟಣದಲ್ಲಿ ಹಿತ್ತಿಲಿನ ಕೊನೆಯಲ್ಲಿ ಒಂದು ಗೂಡು. ಅದಕ್ಕೆ ನಮ್ಮವರು ಬಳಸಿದ ಹೆಸರುಗಳು ಹೆಚ್ಚಾಗಿ ಹೊರಗಿನವು: ‘ಪಾಯಿಖಾನೆ’ ಪಾರಸಿಯಿಂದ ಬಂದದ್ದು, ‘ಕಕ್ಕಸು’ ಡಚ್ಚರ ಭಾಷೆಯಿಂದ ಬಂದದ್ದೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಹೆಸರನ್ನೂ ದೂರವಿಟ್ಟೆವು, ಕೋಣೆಯನ್ನೂ ದೂರವಿಟ್ಟೆವು, ಅದನ್ನು ಶುಚಿ ಮಾಡುವವರನ್ನಂತೂ ಇನ್ನೂ ದೂರವಿಟ್ಟೆವು.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಹಳೆಯ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಬೇಕೆಂದು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಅಗಲವಾದ ಬೀದಿಗಳು, ಗಾಳಿ ಬೆಳಕು ಬರುವ ನಿವೇಶನಗಳು ಅಲ್ಲಿ ಏರ್ಪಟ್ಟವು. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿ ಸ್ಥಾಪನೆಯಾಗಿ, ಅಲ್ಲಿಯೂ ಇಂಥ ಬಡಾವಣೆಗಳು ಎದ್ದವು. ಈ ಎರಡು ನಗರಗಳ ಹಳೆಯ ಬಡಾವಣೆಗಳಲ್ಲಿ ಮನೆಗಳ ಎರಡು ಸಾಲುಗಳ ಬೆನ್ನಿಗೆ ಕಿರಿದಾದ ಓಣಿಗಳಿರುವುದನ್ನು ಓದುಗರು ಕಂಡಿರಬಹುದು. ‘ಕನ್ಸರ್ವೆನ್ಸಿ ಓಣಿ’ ಎಂದು ಅದರ ಹೆಸರು. ಅದು ಮನೆಯವರು ಓಡಾಡುವ ದಾರಿಯಲ್ಲ. ಬೆಳಗಿನ ಜಾವದಲ್ಲಿ ಪೌರಕಾರ್ಮಿಕನು ಹಿಂದಿನಿಂದ ಬಂದು, ಗೋಡೆಯ ಕಂಡಿಯಿಂದ ಮಲವನ್ನು ತೆಗೆದು, ತಲೆಯ ಮೇಲೆ ಹೊತ್ತೋ ಗಾಡಿಗೆ ಸುರಿದೋ ಸಾಗಿಸಲು ಮಾಡಿದ ದಾರಿ. ಮುಂಬಾಗಿಲಿನವರಿಗೆ ಅವನ ಮುಖ ಕಾಣಬಾರದು. ಅವನಿಗೆ ಮುಂಬೀದಿ ಬೇಡ. ರೋಗವನ್ನು ಓಡಿಸಲು ಎಷ್ಟೋ ವಿವೇಕದಿಂದ ಬರೆದ ನಕ್ಷೆಯಲ್ಲಿಯೇ ಜಾತಿಯ ಗೆರೆಯೂ ಎಳೆಯಲ್ಪಟ್ಟಿತು. ಮುಲ್ಕ್ ರಾಜ್ ಆನಂದರು 1935ರಲ್ಲಿ ಪ್ರಕಟಿಸಿದ ‘ಅನ್‌ಟಚಬಲ್’ ಕಾದಂಬರಿಯ ನಾಯಕ ಬಖಾ ಇಂಥ ಕೆಲಸದ ಹುಡುಗನೇ.

ಈ ಓಣಿಯನ್ನು ಅನಾವಶ್ಯಕವಾಗಿಸಿದ್ದು ಒಂದು ಬಾಗಿದ ಕೊಳವೆ. ಲಂಡನ್ನಿನಲ್ಲಿದ್ದ ಅಲೆಕ್ಸಾಂಡರ್ ಕಮ್ಮಿಂಗ್ ಎಂಬ ಗಡಿಯಾರ ತಯಾರಕನು 1775ರಲ್ಲಿ ನೀರಿನಿಂದ ತೊಳೆದುಹೋಗುವ ಶೌಚಪಾತ್ರೆಗೆ ಹಕ್ಕುಪತ್ರ ಪಡೆದನು. ಪಾತ್ರೆಯ ಕೆಳಗಿನ ಕೊಳವೆಯನ್ನು ಹಾವಿನಂತೆ ಬಾಗಿಸಿದರೆ ಆ ಬಾಗಿನಲ್ಲಿ ಸ್ವಲ್ಪ ನೀರು ಯಾವಾಗಲೂ ನಿಂತಿರುತ್ತದೆ. ನೀರು ಕೆಳಗೆ ಹೋಗಬಲ್ಲದು, ಚರಂಡಿಯ ದುರ್ವಾಸನೆ ಮೇಲೆ ಬರಲಾರದು. ಅಂಗೈಯಷ್ಟು ನೀರು ಒಂದು ಬಾಗಿಲಿನ ಕೆಲಸವನ್ನು ಮಾಡುತ್ತದೆ! ದುರ್ವಾಸನೆ ತಡೆಯಲ್ಪಟ್ಟ ಮೇಲೆ ಹಿತ್ತಿಲಿನ ಗೂಡು ಮನೆಯೊಳಕ್ಕೆ ಬರಬಹುದಾಯಿತು. ಆದರೂ ಚರಂಡಿಗಳಿಲ್ಲದೆ ಇದರಿಂದ ಕೇಡೇ ಹೆಚ್ಚು ಎಂಬುದನ್ನು ಲಂಡನ್ ನಗರ ಕಷ್ಟಪಟ್ಟು ಕಲಿಯಿತು. 1854ರಲ್ಲಿ ವೈದ್ಯ ಜಾನ್ ಸ್ನೋ ಕಾಲರಾ ರೋಗಕ್ಕೂ ಒಂದು ಬೀದಿಯ ಪಂಪಿನ ನೀರಿಗೂ ಇರುವ ಸಂಬಂಧವನ್ನು ತೋರಿಸಿದನು. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ನಾತ ಪಾರ್ಲಿಮೆಂಟಿನ ಸದಸ್ಯರ ಮೂಗಿಗೇ ಮುಟ್ಟಿತು. ಅನಂತರವೇ ಎಂಜಿನಿಯರ್ ಬ್ಯಾಜಲ್‌ಗೆಟ್ಟನ ದೊಡ್ಡ ಒಳಚರಂಡಿಗಳಿಗೆ ಹಣ ದೊರೆಯಿತು.

ನಮ್ಮಲ್ಲಿ ಬೆಂಗಳೂರಿಗೆ ಹೆಸರಘಟ್ಟದಿಂದ ನಲ್ಲಿಯ ನೀರು ಬಂದದ್ದು 1896ರಲ್ಲಿ. ಒಳಚರಂಡಿಯ ಕೆಲಸ ನಡೆದದ್ದು ಅದಾದ ಕೆಲವು ದಶಕಗಳ ಮೇಲೆ; ಅದು ಎಲ್ಲ ಬೀದಿಗಳನ್ನೂ ಒಮ್ಮೆಗೇ ಮುಟ್ಟಲೂ ಇಲ್ಲ. ನೀರು ಬರುವ ದಾರಿಗೂ ಹೋಗುವ ದಾರಿಗೂ ನಡುವಣ ಈ ವರ್ಷಗಳ ಭಾರವನ್ನು ಹೊತ್ತವರು ಓಣಿಯಲ್ಲಿ ನಡೆದವರೇ. 1970ರ ದಶಕದ ಆರಂಭದಲ್ಲಿ, ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ ನಿಷೇಧಿಸಿದರು. 1970ರಲ್ಲಿ ಬಿಹಾರದಲ್ಲಿ ಬಿಂದೇಶ್ವರ ಪಾಠಕರು ‘ಸುಲಭ’ ಸಂಸ್ಥೆಯನ್ನು ಆರಂಭಿಸಿ, ಎರಡು ಗುಂಡಿಗಳ ಅಗ್ಗದ ಶೌಚಾಲಯವನ್ನು ಪ್ರಚಾರಕ್ಕೆ ತಂದರು. ಒಂದು ಗುಂಡಿ ತುಂಬಿದಾಗ ಇನ್ನೊಂದಕ್ಕೆ ನೀರನ್ನು ತಿರುಗಿಸಿದರೆ, ಮೊದಲನೆಯದು ಕಾಲಾಂತರದಲ್ಲಿ ಗೊಬ್ಬರವಾಗುತ್ತದೆ. ಒಂದೆರಡು ಲೀಟರು ನೀರು ಸುರಿದರೆ ಸಾಕು. ದೇಶಕ್ಕೆಲ್ಲ ಅನ್ವಯಿಸುವ ಕಾನೂನು 1993ರಲ್ಲಿ ಒಮ್ಮೆ, 2013ರಲ್ಲಿ ಇನ್ನಷ್ಟು ಬಿಗಿಯಾಗಿ ಮತ್ತೊಮ್ಮೆ ಆಯಿತು. ಇವೆರಡರ ನಡುವೆ, 2010ರ ಜುಲೈ ತಿಂಗಳಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಈ ಕೆಲಸಕ್ಕೆ ಕಟ್ಟುಬಿದ್ದ ಕುಟುಂಬಗಳವರು ತಮ್ಮ ಮೈಮೇಲೆಯೇ ಮಲವನ್ನು ಸುರಿದುಕೊಂಡು ಪ್ರತಿಭಟಿಸಿದರು. ಒಂದು ನಿಷೇಧ ಕಾಗದದ ಮೇಲೆ ಬಂದು ಎಷ್ಟೋ ವರ್ಷಗಳಾದ ಮೇಲೆ ನಡೆದ ಸಂಗತಿ ಇದು.

ಇನ್ನು ಕೋಣೆ ಕಿರಿದಾದ ಕಥೆಗೆ ಬರೋಣ. ನಲ್ಲಿ, ಒಳಚರಂಡಿ, ಬಾಗುಕೊಳವೆ ಮೂರೂ ಕೂಡಿದ ಮೇಲೆ ಸ್ನಾನವೂ ಶೌಚವೂ ಒಂದೇ ಕೋಣೆಗೆ ಬಂದವು. ಕೊಳವೆಗಳಿಗೆ ಖರ್ಚಾಗುವುದರಿಂದ ಎಲ್ಲವನ್ನೂ ಒಂದೇ ಗೋಡೆಗೆ ಸೇರಿಸುವುದು ಲಾಭಕರವೆನಿಸಿತು. ಅಮೆರಿಕದ ಬಕ್‌ಮಿನ್‌ಸ್ಟರ್ ಫುಲ್ಲರ್ 1930ರ ದಶಕದಲ್ಲಿ ಸುಮಾರು ಐದಡಿ ಚೌಕದಲ್ಲಿ ಅಡಗುವ, ಕೆಲವೇ ಲೋಹದ ಭಾಗಗಳನ್ನು ಜೋಡಿಸಿ ನಿಲ್ಲಿಸಬಹುದಾದ ಬಚ್ಚಲೊಂದನ್ನು ಮಾಡಿ ತೋರಿಸಿದನು. ಅದು ಬಳಕೆಗೆ ಬರಲಿಲ್ಲ. ಆದರೆ 1964ರ ಟೋಕಿಯೋ ಒಲಿಂಪಿಕ್ಸ್‌ಗೆ ಮುನ್ನ ಅಲ್ಲಿನ ನ್ಯೂ ಓಟಾನಿ ಹೋಟೆಲಿನ ಸಾವಿರಕ್ಕೂ ಹೆಚ್ಚು ಕೋಣೆಗಳನ್ನು ಬೇಗನೆ ಮುಗಿಸಬೇಕಾದಾಗ, ಜಪಾನಿನ ಟೋಟೋ ಸಂಸ್ಥೆ ಕಾರ್ಖಾನೆಯಲ್ಲಿಯೇ ಬಚ್ಚಲುಗಳನ್ನು ತಯಾರಿಸಿ ತಂದು ಕೂಡಿಸಿತು. ಅಂಥ ಸಿದ್ಧ ಬಚ್ಚಲುಗಳು ಮುಂದೆ ಆ ದೇಶದ ಮನೆಗಳಿಗೂ ಹರಡಿದವು. 1966ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದ ಅಲೆಕ್ಸಾಂಡರ್ ಕಿರಾ ‘ದಿ ಬಾತ್‌ರೂಮ್’ ಎಂಬ ಪುಸ್ತಕವನ್ನು ಪ್ರಕಟಿಸಿ, ಬಚ್ಚಲಿನ ಸಾಮಗ್ರಿಗಳನ್ನು ಮನುಷ್ಯನ ಮೈಯ ಅಳತೆಗೂ ಚಲನೆಗೂ ತಕ್ಕಂತೆ ರೂಪಿಸಬೇಕೆಂದು ವಾದಿಸಿದನು. ನಮ್ಮ ಹಂಡೆಯ ಪಕ್ಕದ ಚಪ್ಪಡಿಕಲ್ಲು ಇದನ್ನು ತನ್ನ ರೀತಿಯಲ್ಲಿ ಮೊದಲೇ ಬಲ್ಲದ್ದಾಗಿತ್ತು.

ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ ಬಚ್ಚಲುಮನೆಗೆ ಕನಿಷ್ಠ 1.8 ಚದರ ಮೀಟರು, ಶೌಚಗೃಹಕ್ಕೆ 1.1 ಚದರ ಮೀಟರು, ಎರಡೂ ಕೂಡಿದ್ದರೆ 2.8 ಚದರ ಮೀಟರು ಜಾಗವಿರಬೇಕೆಂದು ಹೇಳುತ್ತದೆ. ಕೊನೆಯದು ನಮ್ಮ ಲೆಕ್ಕದಲ್ಲಿ ಸುಮಾರು 30 ಚದರಡಿ. ಆರಂಭದಲ್ಲಿ ಹೇಳಿದ ನಾಲ್ಕಡಿ-ಏಳಡಿಯ ಮೂಲೆ ಇದಕ್ಕೂ ಎರಡು ಚದರಡಿ ಕಡಿಮೆ! ಏಳೂವರೆ ಅಡಿ ಉದ್ದ ಕೊಟ್ಟರೆ ಲೆಕ್ಕ ಸರಿಹೋಗುತ್ತದೆ. ಇಂಥ ಕೋಣೆಯನ್ನು ಹೇಗೆ ಜೋಡಿಸಬೇಕೆಂಬುದಕ್ಕೆ ಮೇಲಿನ ಚರಿತ್ರೆಯೇ ದಾರಿ ತೋರಿಸುತ್ತದೆ.

ಮೊದಲು ಕೊಳೆನೀರು ಮನೆಯಿಂದ ಹೊರಡುವ ಎಡೆಯನ್ನು ಗೊತ್ತುಮಾಡಿ, ಕೋಣೆಯ ಒಂದು ಉದ್ದಗೋಡೆ ಅದರ ಕಡೆಗೆ ಇರುವಂತೆ ನೋಡಿಕೊಳ್ಳಬೇಕು. ಇದು ಮೊಹೆಂಜೊದಾರೊದ ಪಾಠ. ಬಾಗಿಲು ಗಿಡ್ಡ ಗೋಡೆಯಲ್ಲಿರಲಿ. ಬಾಗಿಲ ಬಳಿ ಕೈ ತೊಳೆಯುವ ಬೋಗುಣಿಗೆ ಎರಡಡಿ, ನಡುವೆ ಶೌಚಪಾತ್ರೆಗೆ ಎರಡೂವರೆ ಅಡಿ, ಕೊನೆಯಲ್ಲಿ ಕಿಟಕಿಯ ಕೆಳಗೆ ಸ್ನಾನಕ್ಕೆ ಮೂರಡಿ, ಮೂರೂ ಆ ಒಂದೇ ಉದ್ದಗೋಡೆಯ ಸಾಲಿನಲ್ಲಿ. ಹೀಗೆ ಮಾಡಿದರೆ ಒಣ ಕೆಲಸ ಬಾಗಿಲ ಬಳಿ, ಒದ್ದೆ ಕೆಲಸ ಕೊನೆಯಲ್ಲಿ ಆಗುತ್ತದೆ. ತೊಟ್ಟಿಯಲ್ಲಿ ಮಲಗಿ ಮೀಯುವ ದೇಶದವರ ನಕ್ಷೆಯನ್ನು ಹಾಗೆಯೇ ಎತ್ತಿಕೊಂಡರೆ, ಬಕೀಟು ಚೊಂಬುಗಳಿಂದ ಎರೆದುಕೊಳ್ಳುವ ನಮ್ಮ ಮನೆಯಲ್ಲಿ ಇಡೀ ನೆಲ ದಿನವೆಲ್ಲ ಒದ್ದೆ. ಸ್ನಾನದ ಜಾಗ ಒಂದಂಗುಲ ತಗ್ಗಿರಲಿ. ನಾಲ್ಕಡಿಗೆ ಮುಕ್ಕಾಲು ಅಂಗುಲದಂತೆ ಇಳಿಜಾರಿರಲಿ. ನೆಲದ ಬಿಲ್ಲೆ ನುಣುಪಾಗಿರದೆ ಒರಟಾಗಿರಲಿ. ಮನೆಯ ಹಿರಿಯರು ಜಾರಿ ಬಿದ್ದು ಸೊಂಟ ಮುರಿದುಕೊಳ್ಳುವ ಎಡೆ ಬಹಳ ಮಟ್ಟಿಗೆ ಇದೇ. ಗೋಡೆಗೆ ಹಿಡಿದುಕೊಳ್ಳಲು ಒಂದು ಗಟ್ಟಿಯಾದ ಸರಳು ಬೇಕು. ಬಾಗಿಲು ಹೊರಕ್ಕೆ ತೆರೆಯಬೇಕು. ಒಳಗೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾದರೆ ಹೊರಗಿನವರು ಏನು ಮಾಡಿಯಾರು?

ನೆಲದ ನೀರು ಹೋಗುವ ಜಾಲರಿಯ ಕೆಳಗೆ ಕೂಡ ಕಮ್ಮಿಂಗನ ಬಾಗುಕೊಳವೆಯ ಬಂಧುವೊಂದಿದೆ. ಕೊಳಾಯಿ ಕೆಲಸದವರು ಅದನ್ನು ‘ನಹಾಣಿ ಟ್ರ್ಯಾಪ್’ ಎನ್ನುವರು. ಈ ‘ನಹಾಣಿ’ ಮರಾಠಿಯ ‘ನ್ಹಾಣಿ’, ಎಂದರೆ ಬಚ್ಚಲು. ಅದರ ಮೂಲ ಸಂಸ್ಕೃತದ ‘ಸ್ನಾನ’. ಮಾನಸೋಲ್ಲಾಸದ ಪದವೊಂದು ಹೀಗೆ ಚರಂಡಿಯ ಬಾಯಲ್ಲಿ ಕುಳಿತಿದೆ! ಬಳಸದ ಬಚ್ಚಲಿನಲ್ಲಿ ಇದರ ನೀರು ಆರಿಹೋಗಿ ವಾಸನೆ ಬರುವುದುಂಟು. ಊರಿಗೆ ಹೋಗಿ ಬಂದವರು ಒಂದು ಚೊಂಬು ನೀರು ಸುರಿದರೆ ಅದು ನಿಲ್ಲುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಗವಾಕ್ಷಿ. ಹಳೆಯ ಬಚ್ಚಲಿನ ಹೊಗೆ ಕಣ್ಣಿಗೆ ಕಾಣುತ್ತಿತ್ತು, ಕಣ್ಣು ಉರಿಸುತ್ತಿತ್ತು. ಆದುದರಿಂದ ಗವಾಕ್ಷಿಯನ್ನು ಯಾರೂ ಮರೆಯುತ್ತಿರಲಿಲ್ಲ. ಅನಿಲದಿಂದ ನೀರು ಕಾಯಿಸುವ ಗೀಸರನ್ನು ಕಿಟಕಿ ಮುಚ್ಚಿದ ಸಣ್ಣ ಕೋಣೆಯೊಳಗೆ ಉರಿಸಿದರೆ ಹುಟ್ಟುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಮೀಯುತ್ತಿರುವವರ ಎಚ್ಚರ ತಪ್ಪಿಸಿ ಪ್ರಾಣವನ್ನೇ ತೆಗೆಯುತ್ತದೆ. ನಮ್ಮ ನಗರಗಳಲ್ಲಿ ಹೀಗೆ ಸತ್ತವರುಂಟು. ಅಂಥ ಗೀಸರು ಬಚ್ಚಲಿನ ಹೊರಗೆ, ಗಾಳಿಯಾಡುವ ಎಡೆಯಲ್ಲಿರಬೇಕು. ಚಳಿಗಾಳಿ ಬರುತ್ತದೆಂದು ಕಿಟಕಿಗೆ ಹಲಗೆ ಹೊಡೆಯುವವರು ಈ ಮಾತನ್ನು ಮನೆಯವರೆಲ್ಲರ ಕಿವಿಗೂ ಹಾಕಬೇಕು.

ಕೊನೆಯದಾಗಿ, ನಮ್ಮ ಬಚ್ಚಲಿನಿಂದ ಹೊರಟ ನೀರಿನ ಕಥೆ ಗೋಡೆಯ ಆಚೆ ಮುಗಿಯುವುದಿಲ್ಲ. ಕೂದಲು, ಬಟ್ಟೆಯ ಚೂರು, ಪ್ಲಾಸ್ಟಿಕ್ ಹೊದಿಕೆಗಳನ್ನು ಶೌಚಪಾತ್ರೆಗೆ ಹಾಕಿದರೆ ಬೀದಿಯ ಕೊಳವೆ ಕಟ್ಟಿಕೊಳ್ಳುತ್ತದೆ. ಆಗ ಮ್ಯಾನ್‌ಹೋಲಿಗೆ ಮನುಷ್ಯನನ್ನು ಇಳಿಸುವ ಪಾಪಕ್ಕೆ ಮತ್ತೆ ದಾರಿಯಾಗುತ್ತದೆ. ವಿಷಗಾಳಿಯಿಂದ ಅಲ್ಲಿ ಉಸಿರು ಕಳೆದುಕೊಂಡವರು ಒಬ್ಬಿಬ್ಬರಲ್ಲ. ಯಂತ್ರಗಳಿಂದಲೇ ಆ ಕೆಲಸ ಆಗಬೇಕೆಂದು ಕಾನೂನು ಹೇಳಿದರೆ ಸಾಲದು. ಜಾಲರಿಗೆ ಒಂದು ಶೋಧಕವನ್ನಿಟ್ಟು, ಒಳಗೊಂದು ಕಸದ ಡಬ್ಬಿಗೆ ಜಾಗ ಬಿಡುವುದು ನಕ್ಷೆಯ ಭಾಗವಾಗಬೇಕು. ಅಂಗೈಯಗಲದ ಡಬ್ಬಿ ಅದು; ಆದರೆ ಹಿಂದಣ ಓಣಿಯನ್ನು ನಿಜವಾಗಿ ಮುಚ್ಚುವ ಕೆಲಸದಲ್ಲಿ ಮನೆಯೊಡೆಯನ ಪಾಲು ಅಲ್ಲಿಂದ ಮೊದಲಾಗುತ್ತದೆ.